ಕೊಲೆಸ್ಟರಾಲ್: ಮನೆಯ ವೈದ್ಯರು ನೋಡುವ ಬಗೆ

ರಕ್ತದಲ್ಲಿ ಕೊಲೆಸ್ಟರಾಲ್ ಹೆಚ್ಚಿದಾಗ ನೋವಿಲ್ಲ, ಜ್ವರವಿಲ್ಲ. ಕೆಲವರಿಗೆ ಮಾತ್ರ ಕಣ್ಣರೆಪ್ಪೆಯ ಮೂಲೆಯಲ್ಲಿ ಹಳದಿ ಗಂಟುಗಳು ಕಾಣಿಸಿಕೊಳ್ಳುತ್ತವೆ. ಉಳಿದವರಿಗೆ ರಕ್ತಪರೀಕ್ಷೆಯೊಂದೇ ದಾರಿ. ಆದ್ದರಿಂದಲೇ ಬೇರೆ ಕಾರಣಕ್ಕೆ ಹೋದವರಿಗೂ ಕುಟುಂಬದ ವೈದ್ಯರು ಲಿಪಿಡ್ ಪರೀಕ್ಷೆಯನ್ನು ಬರೆದುಕೊಡುವುದುಂಟು.

ವರದಿ ಬಂದೊಡನೆ ನಾವು ಒಟ್ಟು ಅಂಕೆ 200 ದಾಟಿತೇ ಎಂದು ನೋಡುತ್ತೇವೆ. ವೈದ್ಯರು ಮುಖ್ಯವಾಗಿ ಗಮನಿಸುವುದು ಎಲ್‌ಡಿಎಲ್ ಅನ್ನು. ರಕ್ತನಾಳದ ಗೋಡೆಯಲ್ಲಿ ಶೇಖರವಾಗುವ ಕೊಬ್ಬು ಅದರದೇ. ಅದು ಎಷ್ಟಿರಬೇಕೆಂಬುದು ಎಲ್ಲರಿಗೂ ಒಂದೇ ಅಲ್ಲ. ಹೃದಯಾಘಾತವಾದವರಲ್ಲಿ ಅದನ್ನು 70ಕ್ಕಿಂತಲೂ ಕೆಳಗಿಳಿಸಬೇಕಾಗುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ತಂದೆಗೆ 55 ವರ್ಷದೊಳಗೆ, ತಾಯಿಗೆ 65 ವರ್ಷದೊಳಗೆ ಹೃದ್ರೋಗ ಬಂದಿತ್ತೇ ಎಂದು ವಿಚಾರಿಸುವುದೂ ಇದಕ್ಕಾಗಿಯೇ. ಮನೆತನವನ್ನೇ ಬಲ್ಲ ವೈದ್ಯರಿಗೆ ಕೇಳುವ ಅಗತ್ಯವೂ ಬೀಳದು! ಥೈರಾಯ್ಡ್ ಗ್ರಂಥಿಯ ಕೆಲಸ ಕುಂದಿದರೂ ಎಲ್‌ಡಿಎಲ್ ಏರುವುದರಿಂದ ಅದನ್ನೂ ಪರೀಕ್ಷಿಸುತ್ತಾರೆ.

“ನಾವು ಸಸ್ಯಾಹಾರಿಗಳು, ನಮಗೇಕೆ ಬಂತು?” ಎಂಬ ಮಾತು ನಮ್ಮ ಮನೆಗಳಲ್ಲಿ ಸಾಮಾನ್ಯ. ದೇಹದ ಬಹುಪಾಲು ಕೊಲೆಸ್ಟರಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಮಿತಿಮೀರಿದ ತುಪ್ಪ, ಬೆಣ್ಣೆ, ವನಸ್ಪತಿಗಳು ಎಲ್‌ಡಿಎಲ್ ಅನ್ನು ಏರಿಸುತ್ತವೆ. ಊಟ, ನಡಿಗೆಗಳಷ್ಟೇ ಸಾಲದಾದಾಗ ಅಥವಾ ಅಪಾಯ ಹೆಚ್ಚಿದ್ದಾಗ ಸ್ಟ್ಯಾಟಿನ್ ಮಾತ್ರೆ ಕೊಡುತ್ತಾರೆ. 4ರಿಂದ 12 ವಾರಗಳಲ್ಲಿ ಮತ್ತೆ ಪರೀಕ್ಷೆ.

ಎಡವುವುದು ಇಲ್ಲಿಯೇ. ವರದಿ ಸರಿಬಂದಿತೆಂದು ಮಾತ್ರೆ ಬಿಡುವವರಿದ್ದಾರೆ. ಅಂಕೆ ಇಳಿದದ್ದು ಮಾತ್ರೆಯಿಂದ. ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ. ಮೈಕೈ ನೋವು ಕಾಣಿಸಿದರೂ ನಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಅವರು ಪ್ರಮಾಣವನ್ನು ತಗ್ಗಿಸಬಹುದು, ಬೇರೆ ಮಾತ್ರೆಯನ್ನೂ ಕೊಡಬಹುದು.