‘ಆ್ಯಡ್’ ಅನ್ನೋ ಒಂದು ಪದ ಬಿಟ್ಟರೆ ಇಡೀ ಕಚೇರಿ ನೆಟ್‌ವರ್ಕ್ ಬಂದ್! ಏನಿದು ಟ್ರಂಕ್ ಪೋರ್ಟ್?

ಎರಡು ಮಹಡಿಯ ಒಂದು ಆಸ್ಪತ್ರೆ ಅಂತ ಇಟ್ಕೊಳ್ಳಿ. ಹೊಸದಾಗಿ ಸಿಸಿಟಿವಿ ಕ್ಯಾಮೆರಾ ಹಾಕಿದರು, ಚಿತ್ರವೂ ಬಂತು. ಆದರೆ ಅದೇ ಹೊತ್ತಿಗೆ ಮೇಲಿನ ಮಹಡಿಯ ಬಿಲ್ಲಿಂಗ್ ಕಂಪ್ಯೂಟರ್ ಬಂದ್, ಲ್ಯಾಬ್ ರಿಪೋರ್ಟ್ ಬಂದ್. ಕೇಬಲ್ ಸರಿ ಇದೆ, ಕರೆಂಟ್ ಇದೆ, ಸ್ವಿಚ್‌ನ ಹಸಿರು ಲೈಟೂ ಮಿಣುಕ್ತಾ ಇದೆ. ರೋಗಿಗಳು ಕ್ಯೂನಲ್ಲಿ ನಿಂತಿರುತ್ತಾರೆ, ತಪ್ಪು ಎಲ್ಲಿದೆ ಅಂತ ಯಾರಿಗೂ ಗೊತ್ತಾಗಲ್ಲ. ಕೇಬಲ್ ಎಳೆಯೋದರಿಂದ ಶುರು ಮಾಡಿ ಸ್ವಿಚ್ ಸೆಟ್ಟಿಂಗ್‌ಗೆ ಕೈ ಹಾಕುವ ಹುಡುಗರು ಈಗ ಎಲ್ಲಾ ಊರಲ್ಲೂ ಇದ್ದಾರೆ. ಅವರು ಮೊದಲು ತಿಳಿಯಬೇಕಾದ್ದು ಇದನ್ನೇ.

ಒಂದೇ ಸ್ವಿಚ್‌ನೊಳಗೆ ಬಿಲ್ಲಿಂಗ್, ಫೋನ್, ಕ್ಯಾಮೆರಾಗಳನ್ನು ಬೇರೆ ಬೇರೆ ಜಾಲವಾಗಿ ವಿಂಗಡಿಸುವುದಕ್ಕೆ ವಿ-ಲ್ಯಾನ್ ಅಂತಾರೆ. ಒಂದೊಂದಕ್ಕೂ ಒಂದು ನಂಬರ್. ಬಿಲ್ಲಿಂಗ್ 10, ಫೋನ್ 20, ಕ್ಯಾಮೆರಾ 30 ಅಂದುಕೊಳ್ಳಿ. ಕೆಳಗಿನ ಸ್ವಿಚ್‌ನಿಂದ ಮೇಲಿನ ಸ್ವಿಚ್‌ಗೆ ಮೂರು ಕೇಬಲ್ ಎಳೆಯುವ ಬದಲು ಒಂದರಲ್ಲೇ ಮೂರನ್ನೂ ಕಳಿಸುವ ದಾರಿಯೇ ಟ್ರಂಕ್. ಹಳ್ಳಿ ಹಳ್ಳಿಯ ಡೇರಿ ಕ್ಯಾನ್‌ಗಳು ಒಂದೇ ಲಾರಿಯಲ್ಲಿ ಹೋದರೂ ಮೇಲೆ ಬರೆದ ಸಂಘದ ನಂಬರ್ ನೋಡಿದರೆ ಯಾರದ್ದು ಅಂತ ಗೊತ್ತಾಗುತ್ತಲ್ಲ, ಹಾಗೆ. ಇಲ್ಲಿ ಪ್ರತಿ ಡೇಟಾ ಫ್ರೇಮ್‌ಗೂ 4 ಬೈಟ್‌ನ ಒಂದು ಟ್ಯಾಗ್ ಅಂಟುತ್ತದೆ. ಇದರ ನಿಯಮದ ಹೆಸರು 802.1ಕ್ಯೂ. ಟ್ಯಾಗ್‌ನಲ್ಲಿ ನಂಬರ್‌ಗೆ ಇರುವುದು 12 ಬಿಟ್ ಜಾಗ, ಬಳಸಲು ಸಿಗುವುದು 4094 ನಂಬರ್. ಆಸ್ಪತ್ರೆಗೆ ಧಾರಾಳ ಸಾಕು.

ಈಗ ಎಡವಟ್ಟಿನ ವಿಷಯ. ಸಿಸ್ಕೋ ಸ್ವಿಚ್‌ನಲ್ಲಿ ಯಾವ ನಂಬರ್ ಟ್ರಂಕ್ ದಾಟಬಹುದು ಅಂತ ಒಂದು ಪಟ್ಟಿ ಇರುತ್ತದೆ. ಅದರಲ್ಲಿ 10, 20 ಈಗಾಗಲೇ ಇದೆ. 30 ಸೇರಿಸೋಕೆ ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿ-ಲ್ಯಾನ್ 30’ ಅಂತ ಹೊಡೆದರೆ ಮುಗೀತು ಕಥೆ. ಹಳೇ ಪಟ್ಟಿ ಅಳಿಸಿಹೋಗಿ 30 ಮಾತ್ರ ಉಳಿಯುತ್ತೆ. ಸರಿಯಾದ ಕಮಾಂಡ್‌ನಲ್ಲಿ 30ರ ಹಿಂದೆ ‘ಆ್ಯಡ್’ ಅಂತ ಇರಬೇಕು. ಸ್ವಿಚ್ ‘ಖಾತ್ರಿನಾ?’ ಅಂತ ಒಂದು ಮಾತೂ ಕೇಳಲ್ಲ. ದೂರದಿಂದ ಲಾಗಿನ್ ಆಗಿ ಕೆಲಸ ಮಾಡ್ತಿದ್ದವನ ದಾರಿ 10ರ ಮೇಲೇ ಇದ್ದರೆ ಅವನ ಸಂಪರ್ಕವೂ ಕಡಿದುಹೋಗುತ್ತೆ. ಸರಿಪಡಿಸೋಕೆ ಬೈಕ್ ಹತ್ತಿ ಬರಬೇಕಷ್ಟೆ.

ಇದಕ್ಕೆ ಅನುಭವಸ್ಥರು ಒಂದು ಉಪಾಯ ಮಾಡ್ತಾರೆ. ಮೊದಲು ಈಗಿರುವ ಸೆಟ್ಟಿಂಗ್ ಸೇವ್ ಮಾಡಿ, ‘ರೀಲೋಡ್ ಇನ್ 10’ ಕೊಟ್ಟು, ಆಮೇಲೆ ಬದಲಾವಣೆಗೆ ಕೈ ಹಾಕೋದು. ಸಂಪರ್ಕ ತಪ್ಪಿದರೆ 10 ನಿಮಿಷಕ್ಕೆ ಸ್ವಿಚ್ ತಾನೇ ರೀಸ್ಟಾರ್ಟ್ ಆಗಿ ಹಳೇ ಸೆಟ್ಟಿಂಗ್‌ಗೆ ಮರಳುತ್ತೆ. ಎಲ್ಲಾ ಸರಿ ಇದ್ದರೆ ‘ರೀಲೋಡ್ ಕ್ಯಾನ್ಸಲ್’ ಕೊಟ್ಟು ಸೇವ್ ಮಾಡಬೇಕು. ಕ್ಯಾನ್ಸಲ್ ಮಾಡೋದು ಮರೆತರೆ ಮಾತ್ರ ಹಗಲು ಹೊತ್ತಲ್ಲೇ ರೀಸ್ಟಾರ್ಟ್ ಆಗಿ ಮತ್ತೆ ಬೈಗುಳ.

30 ಎರಡೂ ಸ್ವಿಚ್‌ನಲ್ಲಿ ಸೃಷ್ಟಿಯಾಗಿರಬೇಕು, ಎರಡೂ ತುದಿಯ ಪಟ್ಟಿಯಲ್ಲಿ ಇರಬೇಕು. ಟ್ಯಾಗ್ ಇಲ್ಲದೆ ಓಡಾಡುವ ‘ನೇಟಿವ್’ ವಿ-ಲ್ಯಾನ್ ಕೂಡ ಎರಡೂ ಕಡೆ ಒಂದೇ ಆಗಿರಬೇಕು. ಇಲ್ಲದಿದ್ದರೆ ಒಂದು ಜಾಲದ ಡೇಟಾ ಇನ್ನೊಂದಕ್ಕೆ ನುಗ್ಗುತ್ತೆ.

ಹಲವು ಸಿಸ್ಕೋ ಸ್ವಿಚ್‌ಗಳ ಪೋರ್ಟ್ ಎದುರಿನವರು ಕೇಳಿದರೆ ತಾನಾಗಿ ಟ್ರಂಕ್ ಆಗಿಬಿಡುತ್ತೆ. ಗೋಡೆಯ ಸಾಕೆಟ್‌ಗೆ ಲ್ಯಾಪ್‌ಟಾಪ್ ಚುಚ್ಚಿದವನು ತಾನೂ ಒಂದು ಸ್ವಿಚ್ ಅಂತ ನಂಬಿಸಿದರೆ ರೋಗಿಗಳ ಮಾಹಿತಿ ಇರುವ ಜಾಲಕ್ಕೂ ದಾರಿ ಸಿಗಬಹುದು. ಅದಕ್ಕೇ ಕಂಪ್ಯೂಟರ್, ಕ್ಯಾಮೆರಾ ಪೋರ್ಟ್‌ಗಳನ್ನು ‘ಆ್ಯಕ್ಸೆಸ್’ ಮೋಡ್‌ಗೆ ಹಾಕಿ, ‘ನೋನೆಗೋಷಿಯೇಟ್’ ಕೊಟ್ಟು ಬೀಗ ಹಾಕಬೇಕು. ಇದನ್ನು ಬಿಡೋರೇ ಜಾಸ್ತಿ.

ಇನ್ನೊಂದು ಗೊಂದಲ ಹೆಸರಿನದ್ದು. ಎಚ್‌ಪಿಯ ಪ್ರೊಕರ್ವ್ ಸ್ವಿಚ್‌ಗಳಲ್ಲಿ ‘ಟ್ರಂಕ್’ ಅಂದರೆ ಹಲವು ಕೇಬಲ್ ಸೇರಿಸಿ ಒಂದೇ ದಪ್ಪ ಸಂಪರ್ಕ ಮಾಡೋದು. ಸಿಸ್ಕೋದವರ ಟ್ರಂಕ್‌ಗೆ ಅಲ್ಲಿ ಪೋರ್ಟನ್ನು ‘ಟ್ಯಾಗ್ಡ್’ ಮಾಡಬೇಕು. ಸಿಸ್ಕೋದಲ್ಲಿ ಕೆಲಸ ಮುಗಿದ ಮೇಲೆ ‘ಶೋ ಇಂಟರ್‌ಫೇಸಸ್ ಟ್ರಂಕ್’ ಹೊಡೆದು, 10, 20, 30 ಮೂರೂ ಕಾಣ್ತಿವೆಯಾ ಅಂತ ನೋಡಿಕೊಂಡೇ ಬ್ಯಾಗ್ ಹೆಗಲಿಗೆ ಹಾಕ್ಕೊಳ್ಳಿ.