ಅರಿಶಿನ ಹಾಲು ಕುಡಿದರೆ ಕ್ಯಾನ್ಸರ್ ಜೀನ್ ‘ಆಫ್’ ಆಗುತ್ತದೆಯೇ?

ಅರಿಶಿನ ಹಾಲು ಕುಡಿದರೆ ಕೆಟ್ಟ ಜೀನ್ ಆಫ್ ಆಗಿ ಕ್ಯಾನ್ಸರ್ ವಾಸಿಯಾಗುತ್ತದೆ ಎನ್ನುವ ಧಾಟಿಯ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದರಲ್ಲಿ ನಿಜ ಎಷ್ಟು? ಅದಕ್ಕೆ ಮೊದಲು ನಮ್ಮ ಡಿಎನ್‌ಎ ಕೋಶದೊಳಗೆ ಹೇಗೆ ಕುಳಿತಿದೆ ಎಂದು ನೋಡೋಣ.

ಗೊಮ್ಮಟನಷ್ಟು ಎತ್ತರದ ಚೆಂಡು

ನಮ್ಮ ಒಂದೇ ಒಂದು ಜೀವಕೋಶದ ಡಿಎನ್‌ಎ ಬಿಡಿಸಿ ಜೋಡಿಸಿದರೆ ಸುಮಾರು 2 ಮೀಟರ್ ಉದ್ದ. ಅದು ಇರುವ ಕೋಶಕೇಂದ್ರದ ಅಗಲ ಸುಮಾರು 6 ಮೈಕ್ರೋಮೀಟರ್. ಅಂದರೆ ಒಂದು ಮಿಲಿಮೀಟರ್ ಅನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಆರು ಪಾಲು ಮಾತ್ರ.

ಶ್ರವಣಬೆಳಗೊಳದ ಗೊಮ್ಮಟನನ್ನು ನೆನಪಿಸಿಕೊಳ್ಳಿ. ಎತ್ತರ ಸುಮಾರು 57 ಅಡಿ. ಕೋಶಕೇಂದ್ರ ಅಷ್ಟು ಎತ್ತರದ ಚೆಂಡಾದರೆ, ಡಿಎನ್‌ಎ ಬಟ್ಟೆ ಒಣಗಿಸುವ ಹಗ್ಗದಷ್ಟು ದಪ್ಪವಾಗುತ್ತದೆ. ಉದ್ದ ಮಾತ್ರ ಸುಮಾರು 5,800 ಕಿಲೋಮೀಟರ್! ಕಾಶ್ಮೀರದಿಂದ ಕನ್ಯಾಕುಮಾರಿಗೆ ಬಂದು, ಹಿಂತಿರುಗುವ ದಾರಿಯನ್ನೂ ಬಹುಪಾಲು ಮುಗಿಸುವಷ್ಟು ಹಗ್ಗ ಆ ಚೆಂಡಿನೊಳಗೆ ಇರಬೇಕು, ಸಿಕ್ಕು ಬೀಳಲೂಬಾರದು.

ಸುತ್ತಿಡುವುದು ಹಿಸ್ಟೋನ್

ಈ ಕೆಲಸ ಹಿಸ್ಟೋನ್ ಎಂಬ ಪ್ರೋಟೀನ್‌ಗಳದ್ದು. ಡಿಎನ್‌ಎಗೆ ಋಣ ವಿದ್ಯುದಂಶ, ಹಿಸ್ಟೋನ್‌ಗೆ ಧನ ವಿದ್ಯುದಂಶ. ಹಾಗಾಗಿ ಎರಡೂ ಅಂಟಿಕೊಳ್ಳುತ್ತವೆ. ಎಂಟು ಹಿಸ್ಟೋನ್‌ಗಳು ಸೇರಿದರೆ ಒಂದು ರೀಲು. ಅದರ ಮೇಲೆ ಡಿಎನ್‌ಎ ಎರಡು ಸುತ್ತಿಗಿಂತ ಸ್ವಲ್ಪ ಕಡಿಮೆ ಸುತ್ತುತ್ತದೆ. ಒಂದು ಕೋಶದಲ್ಲಿ ಇಂಥ ಸುಮಾರು 3 ಕೋಟಿ ರೀಲುಗಳಿವೆ.

ಬಿಗಿಯಾಗಿ ಸುತ್ತಿದ ಭಾಗದ ಜೀನ್ ಓದಲು ಕೋಶಕ್ಕೆ ಕಷ್ಟ. ಓದಬೇಕಾದಾಗ ಕೆಲವು ಕಿಣ್ವಗಳು ಹಿಸ್ಟೋನ್‌ಗೆ ಅಸಿಟೈಲ್ ಎಂಬ ಪುಟ್ಟ ಚೀಟಿ ಅಂಟಿಸುತ್ತವೆ. ಆಗ ಧನ ವಿದ್ಯುದಂಶ ತಗ್ಗಿ ಹಿಡಿತ ಸಡಿಲವಾಗುತ್ತದೆ. ಚೀಟಿ ಕಿತ್ತರೆ ಮತ್ತೆ ಬಿಗಿ.

ಅರಿಶಿನ ಎಲ್ಲಿಂದ ಬಂತು?

2018ರ ಮಹಾಮಸ್ತಕಾಭಿಷೇಕದಲ್ಲಿ ಗೊಮ್ಮಟನ ಮೇಲೆ ಹರಿದ ಅರಿಶಿನಕ್ಕೂ ಈ ಕಥೆಗೂ ಒಂದು ನಂಟಿದೆ. 2004ರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಪಸ್ ಕುಂಡು ಅವರ ತಂಡ, ಅರಿಶಿನದ ಕರ್ಕ್ಯುಮಿನ್ ‘ಪಿ300’ ಎಂಬ ಚೀಟಿ ಅಂಟಿಸುವ ಕಿಣ್ವವನ್ನು ತಡೆಯುತ್ತದೆ ಎಂದು ತೋರಿಸಿತು. ಅಂದರೆ ಫಾರ್ವರ್ಡ್‌ನಲ್ಲಿ ಒಂದು ಎಳೆ ನಿಜವಿದೆ.

ಆದರೆ ಅದು ಪ್ರಯೋಗಾಲಯದ ಫಲಿತಾಂಶ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದೇ ಶೇಕಡಾ ಕೆಲವು ಪಾಲು. ಅದರಲ್ಲೂ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಜೊತೆಗೆ ಪಿ300 ಅಸಂಖ್ಯ ಒಳ್ಳೆಯ ಜೀನ್‌ಗಳಿಗೂ ಬೇಕು. ಕೆಟ್ಟದ್ದನ್ನಷ್ಟೇ ಹುಡುಕಿ ಆಫ್ ಮಾಡುವ ಸ್ವಿಚ್ ಅದಲ್ಲ.

ಚೀಟಿ ಕೀಳುವ ಕಿಣ್ವವನ್ನು ತಡೆಯುವ ವೊರಿನೋಸ್ಟ್ಯಾಟ್ ಎಂಬ ಔಷಧಿಗೆ 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದೂ ಚರ್ಮದಲ್ಲಿ ಕಾಣುವ ಒಂದು ಬಗೆಯ ಲಿಂಫೋಮಾಗೆ ಮಾತ್ರ, ರೋಗಿಗಳ ಮೇಲೆ ಪರೀಕ್ಷೆ ನಡೆಸಿ, ಡೋಸ್ ನಿಗದಿ ಮಾಡಿದ ಮೇಲೆ.

ಹಾಗಾದರೆ ಏನು ಮಾಡಬೇಕು?

ಸಾರಿಗೆ, ಹಾಲಿಗೆ ಅರಿಶಿನ ಧಾರಾಳವಾಗಿ ಹಾಕಿ. ಕ್ಯಾನ್ಸರ್‌ಗೆ ಅದೇ ಮದ್ದು ಎಂದು ಚಿಕಿತ್ಸೆ ನಿಲ್ಲಿಸಬೇಡಿ, ಮುಂದೂಡಲೂ ಬೇಡಿ. ಹೆಚ್ಚು ಶಕ್ತಿಯ ಅರಿಶಿನ ಮಾತ್ರೆಗಳಿಂದ ಲಿವರ್‌ಗೆ ಹಾನಿಯಾದ ಪ್ರಕರಣಗಳಿವೆ. ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ.

ನಿಮ್ಮ ಗ್ರೂಪಿನಲ್ಲೂ ಯಾರಾದರೂ ಕೀಮೋ ಪಡೆಯುತ್ತಿರಬಹುದು. ಆ ಸಂದೇಶವನ್ನು ಮುಂದಕ್ಕೆ ಕಳಿಸುವ ಮೊದಲು ಅವರನ್ನು ಒಮ್ಮೆ ನೆನೆಯಿರಿ ಎಂಬುದಷ್ಟೇ ನಮ್ಮ ವಿನಂತಿ.