ದೇವರಾಜ ಮಾರುಕಟ್ಟೆಯ ಜೀರ್ಣೋದ್ಧಾರ: ಒಂದು ವಿಚಾರ

ಕಾರ್ಕಳದಿಂದ ಕುದುರೆಮುಖದತ್ತ ಹೋಗುವ ದಾರಿಯಲ್ಲಿ ಬಜಗೋಳಿ ಎಂಬ ಪುಟ್ಟ ಪೇಟೆಯಿದೆ. ಇಲ್ಲಿಂದ ಒಂದು ರಸ್ತೆ ಘಟ್ಟವನ್ನೇರಿದರೆ ಇನ್ನೊಂದು ನಾರಾವಿಯ ಮೂಲಕ ಧರ್ಮಸ್ಥಳದ ಕಡೆಗೆ ತಿರುಗುತ್ತದೆ. ಕಳೆದ ಕಾರ್ತಿಕ ಮಾಸದಲ್ಲಿ ನಾವು ಈ ಊರಿನ ಸದ್ಭಕ್ತರೊಬ್ಬರ ಮನೆಯಲ್ಲಿ ತಂಗಿದ್ದೆವು. ವ್ಯಾಪಾರಕ್ಕಾಗಿ ಇಲ್ಲಿಗೆ ಬಂದು ನೆಲೆಸಿದ ಅವರು ಮೂಲತಃ ಮೈಸೂರಿನವರು. ಅವರ ಅಣ್ಣನವರು ಇಂದಿಗೂ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ತಂದೆಯ ಕಾಲದ ವೀಳ್ಯದೆಲೆಯ ಅಂಗಡಿಯನ್ನು ನಡೆಸುತ್ತಿದ್ದಾರೆ. ಪೂಜೆ, ಪ್ರಸಾದಗಳು ಮುಗಿದು ಜಗಲಿಯಲ್ಲಿ ಕುಳಿತಾಗ ಅವರು ಕೇಳಿದರು: “ಶಾಸ್ತ್ರಿಗಳೇ, ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುತ್ತಾರಂತೆ. ಕಟ್ಟಲಿ. ಆದರೆ ನಮ್ಮಣ್ಣನಿಗೆ ಆ ಜಾಗ ಮತ್ತೆ ಸಿಗುತ್ತದೆಯೇ?”

ನಾವು ಆಗ ಉತ್ತರಿಸಲಿಲ್ಲ. ಆದರೆ ಆ ಪ್ರಶ್ನೆ ಮನಸ್ಸನ್ನು ಬಿಡಲಿಲ್ಲ.

ವಿದ್ಯಾರ್ಥಿದೆಸೆಯಲ್ಲಿ ನಾವು ಮೈಸೂರಿನಲ್ಲಿದ್ದಾಗ ಮಠದ ಪೂಜೆಗೆ ಬೇಕಾದ ಹೂ, ಪತ್ರೆಗಳನ್ನು ಈ ಮಾರುಕಟ್ಟೆಯಿಂದಲೇ ತರುತ್ತಿದ್ದೆವು. ಬೆಳಗಿನ ಜಾವದಲ್ಲಿ ಮಲ್ಲಿಗೆಯ ಮೊಗ್ಗಿನ ಬುಟ್ಟಿಗಳು, ಗೋಪುರದಂತೆ ಒಟ್ಟಿದ ಕುಂಕುಮದ ರಾಶಿಗಳು, ನಂಜನಗೂಡಿನ ರಸಬಾಳೆ, ಊದುಬತ್ತಿಯ ಸುವಾಸನೆ, ಇವುಗಳ ನಡುವೆ ದಾರಿ ಮಾಡಿಕೊಂಡು ನಡೆಯುವುದೇ ಒಂದು ಸಂಭ್ರಮ. ಕೈಯಲ್ಲಿ ಹಣ ಕಡಿಮೆಯಿದ್ದ ದಿನ ಎಲೆಯ ಅಂಗಡಿಯ ಯಜಮಾನರು “ನಾಳೆ ಕೊಡಪ್ಪ” ಎನ್ನುತ್ತಿದ್ದರು. ಅಲ್ಲಿಂದ ಸ್ವಲ್ಪವೇ ದೂರದ ಲ್ಯಾನ್ಸ್‌ಡೌನ್ ಕಟ್ಟಡದ ಹಳೆಯ ಪುಸ್ತಕದಂಗಡಿಗಳಲ್ಲಿ ನಾವು ಕಳೆದ ಸಂಜೆಗಳಿಗೆ ಲೆಕ್ಕವಿಲ್ಲ. (ಊಟದ ಹಣದಲ್ಲಿ ಪುಸ್ತಕ ಕೊಂಡು ಗುರುಗಳಿಂದ ಬೈಸಿಕೊಂಡದ್ದೂ ಉಂಟು.)

ಒಡೆಯರ ಕಾಲದ ಸಂತೆಯೊಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಟ್ಟಡದ ರೂಪವನ್ನು ಪಡೆದು ದೇವರಾಜ ಮಾರುಕಟ್ಟೆಯಾಯಿತು. ಇದರ ದಕ್ಷಿಣದ ತುದಿಯಲ್ಲಿರುವ ಚಿಕ್ಕ ಗಡಿಯಾರವು 1886ರಲ್ಲಿ ವೈಸರಾಯ್ ಡಫರಿನ್ ಬಂದುದರ ನೆನಪಿನದು. ಲ್ಯಾನ್ಸ್‌ಡೌನ್ ಕಟ್ಟಡವೂ ಹಾಗೆಯೇ ಇನ್ನೊಬ್ಬ ವೈಸರಾಯರ ಹೆಸರನ್ನು ಹೊತ್ತಿದೆ. ಇಟ್ಟಿಗೆ, ಸುಣ್ಣದ ಗಾರೆ, ತೇಗದ ತೊಲೆ ಇವೇ ಆ ಕಾಲದ ಸಾಮಗ್ರಿ. ಸುಣ್ಣದ ಗಾರೆಯು ತೇವವನ್ನು ಹೀರಿಕೊಂಡು ಮತ್ತೆ ಹೊರಗೆ ಬಿಡುತ್ತದೆ. ಆದುದರಿಂದ ಸೋರುವ ಮಾಳಿಗೆಯನ್ನು ಕಾಲಕಾಲಕ್ಕೆ ಸರಿಪಡಿಸಿ, ಸಂದಿಯಲ್ಲಿ ಬೇರೂರುವ ಅರಳಿಯ ಸಸಿಯನ್ನು ಚಿಕ್ಕದಿರುವಾಗಲೇ ಕಿತ್ತರೆ ಇಂತಹ ಗೋಡೆಗಳು ಬಹುಕಾಲ ನಿಲ್ಲುತ್ತವೆ. ಮೇಲೆ ಸಿಮೆಂಟನ್ನು ಮೆತ್ತಿದರೆ ತೇವವು ಒಳಗೇ ಸಿಕ್ಕಿಕೊಂಡು ಗೋಡೆಯನ್ನು ತಿನ್ನುತ್ತದೆ. ಇದನ್ನರಿಯಲು ದೊಡ್ಡ ಪಾಂಡಿತ್ಯವೇನೂ ಬೇಡ. ಹಳೆಯ ಮಠಗಳ ಮಾಳಿಗೆಯನ್ನು ನೋಡಿಕೊಳ್ಳುವ ಮರಿಗಳಿಗೂ ಇದು ತಿಳಿದ ವಿಷಯ.

2012ರ ಆಗಸ್ಟ್ ತಿಂಗಳಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಅಸುನೀಗಿದರು. ನಾಲ್ಕು ವರ್ಷಗಳ ತರುವಾಯ, 2016ರ ಆಗಸ್ಟ್‌ನಲ್ಲಿ, ದುರಸ್ತಿಯ ಕೆಲಸ ನಡೆಯುತ್ತಿರುವಾಗಲೇ ದೇವರಾಜ ಮಾರುಕಟ್ಟೆಯ ಉತ್ತರದ ಭಾಗವು ಉರುಳಿತು. ಅನಂತರ ಎರಡು ಪಕ್ಷಗಳಾದವು. ಕೆಡವಿ, ಅದೇ ಪಾರಂಪರಿಕ ಶೈಲಿಯಲ್ಲಿ ಹೊಸದಾಗಿ ಕಟ್ಟಬೇಕೆಂಬುದು ಪಾಲಿಕೆ ಹಾಗೂ ಸರಕಾರದ ನಿಲುವು. ಉಳಿದ ಭಾಗವನ್ನು ಬಲಪಡಿಸಿ ಉಳಿಸಿಕೊಳ್ಳಬಹುದೆಂಬುದು ಪರಂಪರಾಪ್ರಿಯರ ವಾದ. ತಜ್ಞರೂ ಎರಡೂ ಕಡೆ ಇದ್ದರು. 2023ರಲ್ಲಿ ಉಚ್ಚ ನ್ಯಾಯಾಲಯವು ಕೆಡವುವ ನಿರ್ಣಯವನ್ನು ಎತ್ತಿಹಿಡಿಯಿತು.

ನಾಲ್ಕು ಜೀವಗಳು ಹೋದ ಮೇಲೆ ಭಯಪಡುವ ಅಧಿಕಾರಿಯನ್ನು ನಾವು ನಿಂದಿಸಲಾರೆವು. ನೂರಾರು ಜನ ನಿತ್ಯ ನಿಲ್ಲುವ ಸೂರು ಸುರಕ್ಷಿತವಾಗಿರಲೇಬೇಕು. ಆದರೆ ಈ ವಾದವೆಲ್ಲ ಗೋಡೆಯ ಸುತ್ತಲೇ ಸುತ್ತಿತೆಂಬುದು ನಮ್ಮ ಅಳಲು. ಗೋಡೆಯ ಒಳಗಿನ ಎಲೆಯ ಅಂಗಡಿಯವರ ಮಾತು ಅದರ ಕೊನೆಯ ಪುಟಕ್ಕೆ ಸರಿಯಿತು.

ಹೊರಗಿನ ಎರಡು ನಿದರ್ಶನಗಳನ್ನು ನೋಡೋಣ. ಲಂಡನ್ನಿನ ಕೋವೆಂಟ್ ಗಾರ್ಡನ್ ಎಂಬ ಹಣ್ಣು ತರಕಾರಿಗಳ ಮಾರುಕಟ್ಟೆಯನ್ನು 1974ರಲ್ಲಿ ನಗರದ ಇನ್ನೊಂದು ಭಾಗಕ್ಕೆ ಸಾಗಿಸಿದರು. ಹಳೆಯ ಕಟ್ಟಡವನ್ನು ಅಂದವಾಗಿ ಸರಿಪಡಿಸಿ 1980ರಲ್ಲಿ ತೆರೆದರು. ಕಟ್ಟಡ ಉಳಿಯಿತು, ಜನವೂ ಬರುತ್ತಾರೆ. ಆದರೆ ಅಲ್ಲಿ ತರಕಾರಿಯ ಸಗಟು ವ್ಯಾಪಾರವಿಲ್ಲ. ಸ್ಪೇನಿನ ಬಾರ್ಸಿಲೋನದಲ್ಲಿ ಸಾಂತಾ ಕತೆರೀನಾ ಎಂಬ ಹಳೆಯ ಮಾರುಕಟ್ಟೆಯ ಕಥೆ ಬೇರೆ. ವರ್ತಕರಿಗೆ ತಾತ್ಕಾಲಿಕ ಮಳಿಗೆಗಳನ್ನು ಒದಗಿಸಿ, ಹಳೆಯ ಗೋಡೆಗಳನ್ನು ಇರಿಸಿಕೊಂಡು ಹೊಸ ಚಾವಣಿಯನ್ನು ಹೊದಿಸಿ 2005ರಲ್ಲಿ ಮತ್ತೆ ತೆರೆದರು. ಮಾರುವವರೂ ಮರಳಿದರು, ಸುತ್ತಲಿನ ಬಡ ಬೀದಿಗಳೂ ಚೇತರಿಸಿಕೊಂಡವು.

ಇಷ್ಟು ದೂರ ಹೋಗಬೇಕಾದುದೂ ಇಲ್ಲ. 1898ರಲ್ಲಿ ಪ್ಲೇಗು ನಮ್ಮ ಸಂಸ್ಥಾನಕ್ಕೆ ಕಾಲಿಟ್ಟ ಮೇಲೆ ಮೈಸೂರಿನ ಇಕ್ಕಟ್ಟಾದ ಓಣಿಗಳನ್ನು ಸುಧಾರಿಸುವುದಕ್ಕಾಗಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪಿತವಾಯಿತು. ಭಾರತದಲ್ಲಿಯೇ ಬಹು ಮೊದಲಿನ ಮಂಡಳಿಗಳಲ್ಲಿ ಇದೂ ಒಂದು. ಓಣಿಗಳನ್ನು ಅಗಲಗೊಳಿಸುವುದರ ಜೊತೆಗೆ ಹೊಸ ಬಡಾವಣೆಗಳನ್ನೂ ನಿರ್ಮಿಸಲಾಯಿತು. ಮನೆ ಕಳೆದುಕೊಳ್ಳುವವನು ಮುಂದೆಲ್ಲಿ ಇರಬೇಕೆಂಬುದೂ ನಗರವನ್ನು ಆಳುವವರ ಕರ್ತವ್ಯವೇ ಎಂಬ ತಿಳಿವು ಆ ಕಾಲದಲ್ಲಿಯೇ ಇತ್ತು.

ಹಾಗಾದರೆ ಈಗ ಆಗಬೇಕಾದುದೇನು? ಮೊದಲ ಇಟ್ಟಿಗೆಯನ್ನು ಕೀಳುವ ಮುನ್ನವೇ ಈಗಿರುವ ಪ್ರತಿಯೊಬ್ಬ ವ್ಯಾಪಾರಿಯ ಹೆಸರು, ಅಳತೆ, ಸ್ಥಳಗಳನ್ನು ಪಟ್ಟಿಮಾಡಿ ಮರಳಿ ಬರುವ ಹಕ್ಕನ್ನು ಬರೆದು ಕೊಡಬೇಕು. ತಾತ್ಕಾಲಿಕ ಮಳಿಗೆಗಳು ಗಿರಾಕಿಗಳು ನಡೆದು ಹೋಗುವಷ್ಟು ಹತ್ತಿರವಿರಬೇಕು. ಬಾಡಿದ ಎಲೆ, ಹೂಗಳನ್ನು ಯಾರೂ ಕೊಳ್ಳುವುದಿಲ್ಲ. ಬಾಡಿಗೆಯ ವಿಷಯದಲ್ಲಿ ವರ್ತಕರೂ ಸ್ವಲ್ಪ ಉದಾರರಾಗಬೇಕು. ತಾತಂದಿರ ಕಾಲದ ದರವನ್ನು ಕೊಡುತ್ತ ಇಂದಿನ ದುರಸ್ತಿಯನ್ನು ಕೇಳುವುದು ನ್ಯಾಯವಲ್ಲ. ಬಂದ ಬಾಡಿಗೆ ಆ ಮಾಳಿಗೆಗೇ ವೆಚ್ಚವಾಗುವಂತೆ ಪಾಲಿಕೆಯೂ ಲೆಕ್ಕವನ್ನು ಬೇರೆಯಾಗಿಡಬೇಕು.

ಮರುದಿನ ಬೆಳಿಗ್ಗೆ ನಾವು ಇಷ್ಟನ್ನೂ ನಮ್ಮ ಆತಿಥೇಯರಿಗೆ ಹೇಳಿದೆವು. ಅವರು ಒಳಗೆ ಹೋಗಿ ಅಣ್ಣನವರ ಪತ್ರವೊಂದನ್ನು ತಂದು ತೋರಿಸಿದರು. ತಂದೆಯವರ ಕಾಲದಿಂದ ಬಾಡಿಗೆ ಕಟ್ಟಿದ ರಸೀದಿಗಳನ್ನೆಲ್ಲ ವರ್ಷವಾರು ಜೋಡಿಸಿ, ಬಟ್ಟೆಯಲ್ಲಿ ಕಟ್ಟಿ, ದೇವರ ಕೋಣೆಯ ಪೆಟ್ಟಿಗೆಯಲ್ಲಿ ಇಟ್ಟಿರುವುದಾಗಿ ಅದರಲ್ಲಿ ಬರೆದಿತ್ತು. “ಇವು ಸಾಕಾಗುತ್ತವೆಯೇ, ಶಾಸ್ತ್ರಿಗಳೇ?” ಎಂದು ಅವರು ಕೇಳುತ್ತಿರುವಾಗಲೇ ಧರ್ಮಸ್ಥಳದ ಬಸ್ಸು ಬಂದು ನಿಂತಿತು.